ಬೀಡ್‌ನ ಬೀಜ ಯಾವುದು?

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಮೊಮ್ಮಗಳ ಇಂಗ್ಲಿಷ್ ಪಾಠದಲ್ಲಿ ಮುದುಕಿಯೊಬ್ಬಳು ‘ಟೆಲ್ಲಿಂಗ್ ಹರ್ ಬೀಡ್ಸ್’ ಅಂತ ಕೂತಿದ್ದಳಂತೆ. “ಆ ಅಜ್ಜಿ ಮಣಿಗಳಿಗೆ ಏನು ಹೇಳ್ತಿದ್ದಳು?” ಎಂದು ಹುಡುಗಿ ಕೇಳಿದಾಗ ಮೇಷ್ಟ್ರು ತಬ್ಬಿಬ್ಬು. ಜೊತೆಗೆ ಅವರದೇ ಒಂದು ಊಹೆ: ರುದ್ರಾಕ್ಷಿಯಾಗಲಿ, ತಾವರೆ ಮಣಿಯಾಗಲಿ ಮೂಲದಲ್ಲಿ ಬೀಜವೇ, ಹಾಗಾದರೆ ಇಂಗ್ಲಿಷಿನ ‘ಬೀಡ್’ ನಮ್ಮ ‘ಬೀಜ’ದಿಂದ ಹೋದದ್ದಲ್ಲವೇ? ಕೊನೆಯಲ್ಲೊಂದು ಬಾಲ: ಬಡಗಿಗಳು ಹೇಳುವ ‘ಬೀಡಿಂಗ್’ ಇದೇನಾ?

ಮೇಷ್ಟ್ರೇ, ಊಹೆ ಸೊಗಸಾಗಿದೆ, ನಿಜವಲ್ಲ. ಬೀಡ್‌ಗೆ ಮೊದಲು ‘ಮಣಿ’ ಎಂಬ ಅರ್ಥವೇ ಇರಲಿಲ್ಲ. ಅದರ ಅರ್ಥ ‘ಪ್ರಾರ್ಥನೆ’. ಹಳೆಯ ಇಂಗ್ಲಿಷಿನಲ್ಲಿ ಅದು ‘ಯೆಬೆಡ್’. ಜರ್ಮನರು ಇವತ್ತಿಗೂ ಪ್ರಾರ್ಥನೆಗೆ ‘ಗೆಬೇಟ್’ ಅನ್ನುತ್ತಾರೆ. ನಿಮ್ಮನ್ನು ಬೀಜದ ಕಡೆಗೆ ಎಳೆದ ಆ ‘ಬೀ’ ದೀರ್ಘವಂತೂ ಎಷ್ಟೋ ತಡವಾಗಿ ಬಂದದ್ದು. ಮೊದಲಿನ ಉಚ್ಚಾರ ‘ಬೆ’ಗೆ ಹತ್ತಿರವಿತ್ತು.

ಪ್ರಾರ್ಥನೆ ಗುಂಡಗಾದದ್ದು ಹೇಗೆ? ಯುರೋಪಿನ ಕ್ರೈಸ್ತ ಮಠಗಳಲ್ಲಿ ಬೈಬಲಿನ 150 ಕೀರ್ತನೆಗಳನ್ನು ಹಾಡುವ ಪದ್ಧತಿ. ಓದು ಬಾರದವರು ಅದರ ಬದಲು ಬಾಯಿಪಾಠ ಬರುವ ಒಂದೇ ಪ್ರಾರ್ಥನೆಯನ್ನು ಅಷ್ಟು ಸಲ ಹೇಳುತ್ತಿದ್ದರು. ಲೆಕ್ಕ ತಪ್ಪಬಾರದಲ್ಲ, ಅದಕ್ಕೆ ದಾರ. ಇಂಗ್ಲೆಂಡಿನ ಕವೆಂಟ್ರಿಯ ಗೊಡೈವಾ, 11ನೇ ಶತಮಾನದ ಶ್ರೀಮಂತೆ, ದಾರಕ್ಕೆ ರತ್ನಗಳನ್ನು ಪೋಣಿಸಿಕೊಂಡು ಒಂದೊಂದನ್ನೇ ಮುಟ್ಟುತ್ತ ಪ್ರಾರ್ಥನೆ ಎಣಿಸುತ್ತಿದ್ದಳಂತೆ. ಸಾಯುವ ಮುಂಚೆ ಆ ಸರವನ್ನು ಮೇರಿಮಾತೆಯ ವಿಗ್ರಹಕ್ಕೆ ಹಾಕಲು ಬಿಟ್ಟುಹೋದಳು ಎಂದು ಮಾಮ್ಸ್‌ಬರಿಯ ವಿಲಿಯಂ ಎಂಬ ಸನ್ಯಾಸಿ 12ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಬೆರಳ ಸಂದಿಯಲ್ಲಿ ಒಂದು ಗುಂಡು ಜಾರಿದರೆ ಒಂದು ‘ಬೀಡ್’ ಮುಗಿಯಿತು. ನೋಡುವವರ ಕಣ್ಣಿಗೆ ಬೀಳುವುದು ಗುಂಡು, ಪ್ರಾರ್ಥನೆಯಲ್ಲ. 14ನೇ ಶತಮಾನದ ಹೊತ್ತಿಗೆ ಹೆಸರು ಗುಂಡಿಗೇ ಅಂಟಿಕೊಂಡಿತು. ಆಮೇಲೆ ಗಾಜಿನ ಮಣಿ, ಬೆವರಿನ ಹನಿ, ಎಲ್ಲವೂ ಬೀಡ್.

ನಮ್ಮಲ್ಲೂ ಹೀಗಾಗಿದೆ. ‘ಎಣ್ಣೆ’ ಅಂದರೆ ಎಳ್ಳಿನ ನೆಯ್, ಎಳ್ಳಿನ ಜಿಡ್ಡು. ಈಗ ಸೀಮೆಎಣ್ಣೆಯಲ್ಲಿ ಎಳ್ಳು ಹುಡುಕುವವರು ಯಾರು?

ಇನ್ನು ಮೊಮ್ಮಗಳ ಪ್ರಶ್ನೆ. ಆ ‘ಟೆಲ್’ ಹೇಳುವುದಲ್ಲ, ಎಣಿಸುವುದು. ಬ್ಯಾಂಕಿನಲ್ಲಿ ದುಡ್ಡು ಎಣಿಸಿಕೊಡುವವನು ‘ಟೆಲ್ಲರ್’ ಆದದ್ದು ಅದರಿಂದಲೇ. ಅಜ್ಜಿ ಮಣಿ ಎಣಿಸುತ್ತಿದ್ದಳು ಎಂದು ಹೇಳಿಬಿಡಿ. (ಕರಾವಳಿಯವರು “ಹಾಗೆ ಎಣಿಸಿದೆ” ಅಂದರೆ ಯೋಚಿಸಿದೆ ಎಂದರ್ಥ. ಎಣಿಕೆಯ ಮಾತುಗಳು ಎಲ್ಲ ಕಡೆಯೂ ಹೀಗೇ, ನಿಂತಲ್ಲಿ ನಿಲ್ಲುವುದಿಲ್ಲ.) ಕರಾವಳಿ ಎಂದಾಗ ನೆನಪಾಯಿತು, ಮಂಗಳೂರಿನ ಕೊಂಕಣಿ ಕ್ಯಾಥೋಲಿಕರ ಮನೆಗಳಲ್ಲಿ ಸಂಜೆಯ ಜಪಕ್ಕೆ ‘ತೇರ್ಸ್’ ಅನ್ನುತ್ತಾರೆ. ಪೋರ್ಚುಗೀಸಿನಲ್ಲಿ ಅದು ‘ಮೂರರಲ್ಲೊಂದು ಪಾಲು’. ಮೊದಲು ಪೂರ್ತಿ ಜಪಕ್ಕಿದ್ದ 150 ಪ್ರಾರ್ಥನೆಗಳಲ್ಲಿ 50. ಅಲ್ಲಿ ಪ್ರಾರ್ಥನೆಗೆ ಲೆಕ್ಕದ ಹೆಸರು. ಇಂಗ್ಲಿಷಿನಲ್ಲಿ ಲೆಕ್ಕದ ಗುಂಡಿಗೆ ಪ್ರಾರ್ಥನೆಯ ಹೆಸರು.

ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. ಅನ್ನ, ಆಶ್ರಯ ಕೊಟ್ಟವರ ಹೆಸರಿನಲ್ಲಿ ಪ್ರಾರ್ಥಿಸುವ ಬಡವನಿಗೆ ‘ಬೀಡ್ಸ್‌ಮನ್’ ಎನ್ನುತ್ತಿದ್ದರು. ಮಣಿ ಮಾರುವವನಲ್ಲ, ಪ್ರಾರ್ಥನೆಯನ್ನೇ ಕೂಲಿಯಾಗಿ ತೀರಿಸುವವನು.

ಬೀಡಿಂಗ್ ವಿಷಯ ಸರಳ. ಅಂಚಿಗೆ ಬಡಿಯುವ ಆ ಪಟ್ಟಿಯ ಮೈ ಉರುಟು, ಮಣಿ ಸಾಲಿನಂತೆ. ಟೈರಿನ ಒಳಅಂಚಿನಲ್ಲಿ ಉಕ್ಕಿನ ತಂತಿ ಹುದುಗಿರುವ ದಪ್ಪ ಬಳೆಯೂ ಬೀಡೇ.

ಕೊನೆಗೊಂದು ಎಚ್ಚರಿಕೆ. ‘ಯೆಬೆಡ್’ ಹುಟ್ಟಿದ್ದು ‘ಬಿಡ್ಡನ್’ ಎಂಬ ಕ್ರಿಯಾಪದದ ಬಳಗದಲ್ಲಿ. ಅದರ ಅರ್ಥ ಕೇಳು, ಯಾಚಿಸು; ಅಂದರೆ ನಮ್ಮ ‘ಬೇಡು’! ಇದು ಬರೀ ಕಾಕತಾಳೀಯ. ಸಂಸ್ಕೃತದಿಂದ ಬಂದ ‘ಮಣಿ’ಗೂ ದೇವರ ಮುಂದೆ ತಲೆಬಾಗುವ ಅಚ್ಚಗನ್ನಡದ ‘ಮಣಿ’ಗೂ ನಂಟಿಲ್ಲವಲ್ಲ, ಹಾಗೆಯೇ. ಇದನ್ನು ನಾನಾಗಿಯೇ ಬಾಯಿಬಿಟ್ಟಿದ್ದೇನೆ. ಮುಂದಿನ ವಾರ ಇದರ ಮೇಲೆ ಇನ್ನೊಂದು ಪತ್ರ ಬರದಿರಲಿ ಎಂದು ಬೇಡಿಕೊಳ್ಳುತ್ತೇನೆ.

— ಸಂ.