ರಕ್ತ ಕೊಟ್ಟವರಿಗೆ ಹಣ ಕೊಟ್ಟರೆ ತಪ್ಪೇನು?

ಹಣ ಕೊಟ್ಟರೆ ದಾನಿಗೆ ಸುಳ್ಳು ಹೇಳಲು ಕಾರಣ ಸಿಗುತ್ತದೆ. ಅದರ ಫಲ ಉಣ್ಣುವವನು ರೋಗಿ.

ರಕ್ತ ತೆಗೆಯುವ ಮುನ್ನ ಒಂದು ನಮೂನೆ ತುಂಬಿಸುತ್ತಾರೆ. ಇತ್ತೀಚೆಗೆ ಕಾಮಾಲೆ ಬಂದಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಹಿಂದಿನ ಸಲ ರಕ್ತ ಕೊಟ್ಟು ಎಷ್ಟು ದಿನವಾಯಿತು? ಹೇಗೂ ಪರೀಕ್ಷೆ ಮಾಡುತ್ತಾರಲ್ಲ, ಇದೆಲ್ಲ ಏಕೆ ಅನ್ನಿಸಬಹುದು. ಎಚ್‌ಐವಿ, ಹೆಪಟೈಟಿಸ್‌ನಂತಹ ಸೋಂಕು ತಗುಲಿದ ಹೊಸದರಲ್ಲಿ, ಕೆಲವು ದಿನ ಅಥವಾ ವಾರಗಳವರೆಗೆ, ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಇರಬಹುದು. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ದಾನಿ ಬರೆದ ನಿಜ ಮಾತ್ರ. ಅಂದಿನ ಊಟಕ್ಕಾಗಿ ರಕ್ತ ಮಾರಲು ಬಂದವನು ‘ಕಾಮಾಲೆ ಬಂದಿತ್ತು’ ಎಂದು ಬರೆದು ಬರಿಗೈಯಲ್ಲಿ ಮರಳುತ್ತಾನೆಯೇ? ಅವನನ್ನು ಬೈದೂ ಪ್ರಯೋಜನವಿಲ್ಲ. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟೇ ಮತ್ತೆ ರಕ್ತ ಕೊಡಬೇಕೆಂಬ ನಿಯಮವನ್ನೂ ಹಸಿವು ಕೇಳುವುದಿಲ್ಲ.

ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನಂತೆ ಭಾರತದಲ್ಲಿ ಹಣಕ್ಕಾಗಿ ರಕ್ತ ಕೊಡುವುದು 1998ರ ಜನವರಿ 1ರಿಂದ ನಿಷಿದ್ಧ. ರಕ್ತನಿಧಿಗಳು ರೋಗಿಯ ಕಡೆಯವರಿಂದ ಪಡೆಯುವುದು ಪರೀಕ್ಷೆ, ಸಂಗ್ರಹಣೆಯ ಖರ್ಚು. ದಾನಿಗೆ ಸಿಗುವುದು ಬಿಸ್ಕತ್ತು, ಹಣ್ಣಿನ ರಸ, ಒಂದು ಪ್ರಮಾಣಪತ್ರ. ಆ ರಸವೂ ಎಲ್ಲ ಸಲ ತಣ್ಣಗಿರುವುದಿಲ್ಲ.