ಬ್ಯಾಂಡ್ ಎರಡು, ನಂಬುವುದು ಯಾವುದನ್ನು?

ಪ್ರಶ್ನೆ: ಇಲಿಯ ಯಕೃತ್ತಿನ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವಿಧಾನ) ಆಲ್ಕೋಹಾಲ್ ಡಿಹೈಡ್ರೋಜಿನೇಸ್ (ಎಡಿಎಚ್) ಪ್ರತಿಕಾಯಕ್ಕೆ 40 ಕಿಲೋಡಾಲ್ಟನ್ (ಅಣುತೂಕದ ಅಳತೆ) ಹತ್ತಿರ ಒಂದು, 55ರ ಹತ್ತಿರ ಇನ್ನೊಂದು ಬ್ಯಾಂಡ್ ಬರುತ್ತಿದೆ. ಪ್ರತಿಕಾಯ ಹಿಡಿಯುವ ಪ್ರೋಟೀನ್ ತುಣುಕನ್ನೇ ಕೊಟ್ಟು ಅದರ ಕೈಕಟ್ಟುವ ಬ್ಲಾಕಿಂಗ್ ಪೆಪ್ಟೈಡ್ ತರಿಸಿದ್ದೇನೆ. ಎಷ್ಟು ಬೆರೆಸಲಿ?
– ಸಂಶೋಧನಾ ವಿದ್ಯಾರ್ಥಿನಿ, ಶಂಕರಘಟ್ಟ

ಉತ್ತರ: ತೂಕದಲ್ಲಿ ಪ್ರತಿಕಾಯದ ಐದು ಪಟ್ಟಿನಿಂದ ಶುರುಮಾಡಿ. ಐದು ಪಟ್ಟು ಸಾಕೇ ಎಂಬ ಅನುಮಾನ ಬೇಡ. ಪ್ರತಿಕಾಯ ಸುಮಾರು 150 ಕಿಲೋಡಾಲ್ಟನ್, ಪೆಪ್ಟೈಡ್ ಬರೀ 2. ಅಣುಗಳ ಲೆಕ್ಕದಲ್ಲಿ ಅದು 375 ಪಟ್ಟು.

ಎರಡು ಟ್ಯೂಬಿಗೆ ತಲಾ 1 ಮಿಲಿ ಬಫರ್, 10 ಮೈಕ್ರೋಗ್ರಾಂ ಪ್ರತಿಕಾಯ ಹಾಕಿ. ಒಂದಕ್ಕೆ 50 ಮೈಕ್ರೋಗ್ರಾಂ ಪೆಪ್ಟೈಡ್, ಇನ್ನೊಂದಕ್ಕೆ ಪೆಪ್ಟೈಡ್ ಕರಗಿಸಿದ ದ್ರವ ಮಾತ್ರ, ಅಷ್ಟೇ ಪ್ರಮಾಣದಲ್ಲಿ. ಕೋಣೆಯ ಉಷ್ಣತೆಯಲ್ಲಿ ಅರ್ಧ ಗಂಟೆ, ಇಲ್ಲವೇ 4 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿ, ಆಮೇಲೆ ಬಫರ್ ಸೇರಿಸಿ ತಲಾ 10 ಮಿಲಿ ಮಾಡಿ. ಒಂದೇ ಜೆಲ್ಲಿನ ಮೆಂಬ್ರೇನನ್ನು ಎರಡಾಗಿ ಕತ್ತರಿಸಿ, ಒಂದೊಂದು ತುಂಡಿಗೆ ಒಂದೊಂದು ಟ್ಯೂಬಿನ ದ್ರವ ಬಳಸಿ. ಚಿತ್ರವನ್ನೂ ಒಟ್ಟಿಗೇ, ಒಂದೇ ಎಕ್ಸ್‌ಪೋಶರ್‌ನಲ್ಲಿ ತೆಗೆಯಿರಿ. ಬೇರೆ ಬೇರೆ ದಿನದ ಬ್ಲಾಟ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಯಾರೂ ಒಪ್ಪುವುದಿಲ್ಲ.

ನಿರೀಕ್ಷಿತ 40ರದ್ದು ಮಾಯವಾಗಿ 55ರದ್ದು ಉಳಿದರೆ ಎರಡನೆಯದು ಅಡ್ಡಕಸುಬಿಯೇ, ಅಂದರೆ ನಿಮಗೆ ಬೇಕಾದ ಪ್ರೋಟೀನ್ ಅಲ್ಲ. ಮೊದಲ ಪ್ರತಿಕಾಯವನ್ನು ಹಿಡಿದು ತೋರಿಸುವ ಸೆಕೆಂಡರಿ ಪ್ರತಿಕಾಯವನ್ನಷ್ಟೇ ಹಾಕಿ ನೋಡಿ: ಆಗಲೂ ಬಂದರೆ ಅದು ಇಲಿಯ ರಕ್ತದಲ್ಲಿದ್ದ ಪ್ರತಿಕಾಯದ ಭಾರ ಸರಪಳಿ (ಅದರ ದೊಡ್ಡ ತುಂಡು) ಇರಬಹುದು. ಯಕೃತ್ತಿನ ಆಲ್ಡಿಹೈಡ್ ಡಿಹೈಡ್ರೋಜಿನೇಸ್-2 ಕೂಡ ಅದೇ ಎತ್ತರದಲ್ಲಿ ಓಡುತ್ತದೆ. ಹಾಗೆಂದು ಎತ್ತರ ನೋಡಿ ಹೆಸರಿಡಬೇಡಿ.

ಎರಡೂ ಮಾಯವಾದರೆ? ಹಿಗ್ಗಬೇಡಿ. ಅದೇ ಅಮೈನೋ ಆಮ್ಲಗಳ ತುಣುಕನ್ನು ಹೋಲುವ ಬೇರೆ ಪ್ರೋಟೀನ್ ಇದ್ದರೂ ಹೀಗೇ ಆಗುತ್ತದೆ. ಮನುಷ್ಯರ ಎಡಿಎಚ್ 1ಎ, 1ಬಿ, 1ಸಿಗಳಲ್ಲಿ ಶೇ. 90ಕ್ಕೂ ಹೆಚ್ಚು ಹೋಲಿಕೆ ಇದೆ. ಪೆಪ್ಟೈಡ್ ಅವುಗಳನ್ನು ಬೇರ್ಪಡಿಸಲಾರದು. ಕೊನೆಯ ತೀರ್ಪು ಎಡಿಎಚ್‌ನ ಜೀನನ್ನೇ ತೆಗೆದ ಪ್ರಾಣಿಯ ಅಂಗಾಂಶದ್ದು.

ಪ್ರಶ್ನೆ: ಪೆಪ್ಟೈಡ್ ಪುಡಿ ಮಳೆಗಾಲದಲ್ಲಿ ಅಂಟಂಟಾಗಿದೆ. ತೂಗಿ ಬಳಸಬಹುದೆ?
– ಓದುಗರು, ತೀರ್ಥಹಳ್ಳಿ

ಉತ್ತರ: ತೂಗಬೇಡಿ, ನೀರನ್ನೂ ತೂಗಿದಂತಾಗುತ್ತದೆ. ಫ್ರೀಜರಿನಿಂದ ತೆಗೆದ ತಣ್ಣನೆಯ ಬಾಟಲಿಯನ್ನು ಆಗಲೇ ಬಿಚ್ಚಿರುತ್ತೀರಿ. ಮಲೆನಾಡಿನ ಜುಲೈ ಗಾಳಿಗೆ ಅಷ್ಟು ಸಾಕು. ಈ ಬಾಟಲಿಯಿಂದ ಏನೂ ತೆಗೆದಿಲ್ಲವಾದರೆ, ಚೀಟಿಯ ಮೇಲಿನ ಪ್ರಮಾಣವನ್ನೇ ನಂಬಿ ಪೂರ್ತಿ ಪುಡಿಯನ್ನು ಒಮ್ಮೆಲೇ ಕರಗಿಸಿ. ಒಂದೊಂದು ಪ್ರಯೋಗಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಟ್ಯೂಬಿಗೆ ಹಂಚಿ, ಮೈನಸ್ 20ರಲ್ಲಿಡಿ. ಮುಂದಿನ ಬಾಟಲಿಯನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು, ಹೊರಗಿನ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ.