ಪ್ರತಿಕ್ರಿಯೆ: ಹಳದಿ ಚಾಮ್ವೆ ಹಣ್ಣಿನ ಬೀಜ ತೆಗೆಯಬೇಕಾ?

ದಕ್ಷಿಣ ಕೊರಿಯಾದ ಸೋಲ್‌ನ ಅಂಗಡಿಯಲ್ಲಿ ಬಿಳಿ ಗೆರೆಯ ಹಳದಿ ಹಣ್ಣು ತಂದೆ, ಬೀಜ ತೆಗೆದು ತಿಂದರೆ ಸಪ್ಪೆ ಅಂತ ಬರೆದಿದ್ದೀರಿ. ಅಯ್ಯೋ, ಸಿಹಿಯನ್ನೇ ಎಸೆದುಬಿಟ್ಟಿರಲ್ಲ!

ಅದು ಚಾಮ್ವೆ. ನಮ್ಮ ಕರ್ಬೂಜದ ಜಾತಿಯೇ. ಮಂಗಳೂರು ಸೌತೆಕಾಯಿಯೂ ಅದೇ ಜಾತಿ, ಹಾಗಾಗಿ ಕಚ್ಚಿದಾಗ ಸೌತೆಯ ಗರಿಗರಿ ಸಿಗುತ್ತದೆ. ಆದರೆ ಕರ್ಬೂಜದ ಹಾಗೆ ನಡುವಿನ ತಿರುಳು ಕೆರೆದು ತೆಗೆಯಬೇಡಿ. ಜಾಸ್ತಿ ಸಿಹಿ ಇರುವುದು ಬೀಜದ ಸುತ್ತ ಇರುವ ಆ ನಾರುನಾರು ಲೋಳೆಯಲ್ಲೇ. ಬೀಜ ಸಣ್ಣದು, ಕೊರಿಯಾದವರು ಸುಮ್ನೆ ಜೊತೆಗೇ ಅಗಿದು ನುಂಗುತ್ತಾರೆ. ಲೋಳೆ ನೀರಾಗಿ ಹುಳಿ ವಾಸನೆ ಬಂದಿದ್ದರೆ ಮಾತ್ರ ತೆಗೆಯಿರಿ. ಸಿಪ್ಪೆ ಹೆರೆದು, ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಉದ್ದಕ್ಕೆ ಹೋಳು ಮಾಡಿ. ಉಪ್ಪು, ಸಕ್ಕರೆ ಏನೂ ಬೇಡ.

ಕೊಳ್ಳುವಾಗ ಬಣ್ಣ ಗಾಢ ಹಳದಿ, ಗೆರೆ ಸ್ಪಷ್ಟ, ಮೂಸಿದರೆ ಘಮ ಇರಲಿ. ದೊಡ್ಡದೇ ಬೇಕೆಂದಿಲ್ಲ. ಪೆಟ್ಟಿಗೆಯ ಮೇಲೆ ಸೊಂಗ್ಜು ಅಂತಿದ್ದರೆ ತಗೊಳ್ಳಿ. ದೇಶದ ಬಹುಪಾಲು ಚಾಮ್ವೆ ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತ್ಯದ ಆ ಊರಿನದೇ. ಹಿಂದೆ ಇದು ಬೇಸಿಗೆಯ ಹಣ್ಣು, ಈಗ ಪ್ಲಾಸ್ಟಿಕ್ ಹೊದಿಕೆಯಡಿ ಬೆಳೆಯುವುದರಿಂದ ವಸಂತಕ್ಕೇ ಬರುತ್ತದೆ.

ಸಪ್ಪೆ ಹಣ್ಣು ಉಳಿದಿದ್ದರೆ ಸೋಯಾ ಸಾಸ್‌ನಲ್ಲಿ ನೆನೆಹಾಕಿ ಜಾಂಗಾಜ್ಜಿ ಉಪ್ಪಿನಕಾಯಿ ಮಾಡಬಹುದು. ನನಗಂತೂ ಅದು ಅನ್ನ, ಮೊಸರಿನ ಜೊತೆ ಇಷ್ಟ. ಇನ್ನು ಕಲ್ಲಂಗಡಿ ಹ್ವಾಚೆ (ಹಣ್ಣು ಹಾಕಿದ ತಣ್ಣನೆ ಕೊರಿಯನ್ ಪಾನೀಯ) ಬಗ್ಗೆ ಕೇಳಿದ್ದಿರಿ: ಹಣ್ಣಿನ ಉಂಡೆಗಳಿಗೆ ತಣ್ಣನೆ ಹಾಲು, ಸೋಡಾ ಸುರಿಯುತ್ತಾರೆ, ಅಷ್ಟೇ.